ಉದ್ದದ ಇಂಗ್ಲಿಷ್ ಪದ ಬಂದರೆ ಮಕ್ಕಳಿಗೆ ಹೀಗೆ ಓದಿಸಿ ನೋಡಿ

ಕುಂಬಳೆ, ಬದಿಯಡ್ಕ ಕಡೆ ಕನ್ನಡ ಮೀಡಿಯಂ ಮಕ್ಕಳಿರುವವರಿಗೆ ಒಂದು ಸಲಹೆ. ಉದ್ದದ ಇಂಗ್ಲಿಷ್ ಪದ ಕಂಡ ಕೂಡಲೇ ಸುಮ್ನೆ ಸ್ಪೆಲ್ಲಿಂಗ್ ಉರು ಹೊಡೆಸಬೇಡಿ.

'ಅನ್‌ಪ್ರಿಡಿಕ್ಟಬಿಲಿಟಿ' ತೆಗೆದುಕೊಳ್ಳಿ. ಶುರುವಿನ 'ಅನ್', ಕೊನೆಯ 'ಅಬಿಲಿಟಿ' ಎರಡನ್ನೂ ಬೆರಳಿನಿಂದ ಮುಚ್ಚಿದರೆ ಉಳಿಯುವುದು 'ಪ್ರಿಡಿಕ್ಟ್', ಅಂದರೆ ಮೊದಲೇ ಹೇಳುವುದು, ಅದರೊಳಗಿನ 'ಡಿಕ್ಟ್' ಲ್ಯಾಟಿನ್‌ನಿಂದ ಬಂದದ್ದು, ಮಕ್ಕಳು ದಿನಾ ಬರೆಯುವ ಡಿಕ್ಟೇಶನ್‌ನಲ್ಲಿ ಇರುವುದೂ ಅದೇ. ಆಮೇಲೆ ಚಪ್ಪಾಳೆ ತಟ್ಟಿ ಹೇಳಿಸಿ: ಅನ್-ಪ್ರಿ-ಡಿಕ್-ಟ-ಬಿ-ಲಿ-ಟಿ. 7 ಸಿಲಬಲ್, ಅಂದರೆ ಒಂದೊಂದು ಚಪ್ಪಾಳೆಗೆ ಒಂದರಂತೆ ಉಚ್ಚಾರದ 7 ತುಂಡು.

ಒತ್ತು, ಅಂದರೆ ಜೋರಾಗಿ ಹೇಳುವುದು, 'ಬಿ' ಮೇಲೆ. 'ಇಟಿ'ಯಲ್ಲಿ ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಸಿಲಬಲ್‌ಗೆ ಬೀಳುತ್ತದೆ. 'ಶನ್' ಬಂದರೂ ಹಾಗೆಯೇ, ಎಜುಕೇಶನ್‌ನಲ್ಲಿ 'ಕೇ' ಮೇಲೆ. ನಾವು ಎಲ್ಲ ಅಕ್ಷರವನ್ನೂ ಒಂದೇ ತೂಕದಲ್ಲಿ ಹೇಳಿಬಿಡುತ್ತೇವೆ, ಅಲ್ವಾ? ಫೋಟೋಗ್ರಾಫ್‌ನಲ್ಲಿ 'ಫೋ' ಜೋರು, ಫೋಟೋಗ್ರಫಿಯಲ್ಲಿ ಮಾತ್ರ ಒತ್ತು ಎರಡನೇ ಸಿಲಬಲ್‌ಗೆ ಜಾರುತ್ತದೆ, 'ಫ-ಟಾ-ಗ್ರ-ಫಿ' ಅನ್ನುವ ಹಾಗೆ. ಅನುಮಾನ ಬಂದರೆ ಡಿಕ್ಷನರಿ ನೋಡಿ, ಹೆಚ್ಚಿನವುಗಳಲ್ಲಿ ಒತ್ತು ಬೀಳುವ ಸಿಲಬಲ್ ಶುರುವಾಗುವ ಮೊದಲು ಮೇಲ್ಗಡೆ ಒಂದು ಚಿಕ್ಕ ಗೆರೆ ಇರುತ್ತದೆ.

ಮುಚ್ಚಿದ ಮೇಲೆ ಅರ್ಥವಿರುವ ಪದ ಉಳಿದರೆ ಮಾತ್ರ ಕತ್ತರಿಸಿ. 'ಅಂಕಲ್'ನಲ್ಲೂ 'ಅನ್' ಇದೆ ಅಂತ ಹೊರಟರೆ ಕಷ್ಟ!