ಅರ್ಜಿಯಿಂದಲೇ ಬಂದ ಕಾಲುಸಂಕ: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಹಳ್ಳ ನಾಲ್ಕು ದಿನ ದಡ ಮೀರಿ ಹರಿಯಿತು. ಆ ನಾಲ್ಕೂ ದಿನ ಆಚೆ ಕೇರಿಯ ಮಕ್ಕಳು ಕೊಡೆ ಹಿಡಿದುಕೊಂಡು ಕಾಂಕ್ರೀಟ್ ಕಾಲುಸಂಕದ, ಅಂದರೆ ನಡೆದು ದಾಟುವ ಕಿರುಸೇತುವೆಯ, ಮೇಲೆ ನಡೆದು ಶಾಲೆಗೆ ಬಂದರು. ನಾನು ತೋಟದ ಬೇಲಿಯ ಬಳಿ ನಿಂತು ಎಣಿಸಿದೆ. ಹದಿನೇಳು ಮಕ್ಕಳು. 2012ರಲ್ಲಿ ನಾನು ಮೊದಲ ಅರ್ಜಿ ಬರೆದಾಗ, ‘ಕಾಗದದ ಮೇಲೆ ಹಳ್ಳ ದಾಟಲು ಆಗುತ್ತದೆಯೇ ಮಾರಾಯರೇ, ಮತದಾನ ಬಹಿಷ್ಕಾರ ಹಾಕಿ, ಓಡಿ ಬರುತ್ತಾರೆ’ ಎಂದವರೇ ಇಂದು ಅದೇ ಸಂಕದ ಮೇಲೆ ಅಡಿಕೆ ಮೂಟೆ ಹೊತ್ತು ಬರುತ್ತಾರೆ. ಬಹಿಷ್ಕಾರವನ್ನು ಪಕ್ಕದ ಊರಿನವರು ಒಮ್ಮೆ ಹಾಕಿಯೂ ನೋಡಿದರು. ಅಧಿಕಾರಿಗಳು ಬಂದರು, ಭರವಸೆ ಕೊಟ್ಟರು, ಹೋದರು. ಅಲ್ಲಿ ಈಗಲೂ ಅಡಿಕೆ ಮರದ ಸಂಕವೇ ಇದೆ. ನಮ್ಮದು ಅರ್ಜಿಯಿಂದಲೇ ಬಂದದ್ದು. ಹನ್ನೊಂದು ವರ್ಷ ಹಿಡಿಯಿತು, ಅದರಲ್ಲಿ ಮೊದಲ ಏಳು ವರ್ಷ ನನ್ನ ತಪ್ಪುಗಳಿಗೇ ಹೋಯಿತು. ನನ್ನ ಹಾಗೆ ಊರಿನ ಪರವಾಗಿ ಕಚೇರಿಗಳಿಗೆ ಅಲೆಯುವವರು ಬೇಕಾದಷ್ಟು ಜನ ಇದ್ದೀರಿ. ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಅರ್ಜಿ ಮೂರು ಪುಟ ಇತ್ತು. ಊರಿನ ಇತಿಹಾಸ, ಮಳೆಯ ಅಬ್ಬರ, ಗರ್ಭಿಣಿಯರ ಕಷ್ಟ, ಹಿಂದೆ ಹಳ್ಳದಲ್ಲಿ ಕೊಚ್ಚಿಹೋದ ಎರಡು ಹಸುಗಳ ಕತೆ, ಎಲ್ಲವನ್ನೂ ಬರೆದಿದ್ದೆ. ಕೊನೆಯಲ್ಲಿ ‘ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’. ಕೆಳಗೆ ಒಂಬತ್ತು ಜನರಿಗೆ ಪ್ರತಿ. ನಾಲ್ಕು ತಿಂಗಳ ಮೇಲೆ ಒಂದೇ ಒಂದು ಹಿಂಬರಹ ಬಂತು: ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು.’ ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ತಪ್ಪು ನನ್ನದೇ. ಒಂಬತ್ತು ಜನರಿಗೆ ಬರೆದ ಅರ್ಜಿಗೆ ಹೊಣೆಗಾರರು ಯಾರೂ ಇರುವುದಿಲ್ಲ. ಪ್ರತಿಯೊಬ್ಬರೂ ‘ಮುಂದಿನ ಕ್ರಮಕ್ಕಾಗಿ’ ಎಂದು ಷರಾ ಬರೆದು ಇನ್ನೊಬ್ಬರಿಗೆ ಕಳಿಸಿದರು. ಒಂದು ಪ್ರತಿ ಸುತ್ತಿ ಸುತ್ತಿ ನಮ್ಮ ಗ್ರಾಮ ಪಂಚಾಯಿತಿಗೇ ಬಂದು ಬಿದ್ದಿತ್ತು. ಸೂಕ್ತ ಕ್ರಮ ಎಂದು ಕೇಳಿದರೆ ಯಾವ ಕ್ರಮ ಸೂಕ್ತ ಎಂದು ತೀರ್ಮಾನಿಸುವವರು ಅವರೇ ಆಗುತ್ತಾರೆ.

2014ರಲ್ಲಿ ಸಹಿ ಸಂಗ್ರಹಕ್ಕೆ ಇಳಿದೆವು. ಹುಡುಗರು ಉತ್ಸಾಹದಿಂದ ನಾನೂರಕ್ಕೂ ಮೇಲ್ಪಟ್ಟು ಸಹಿ ತಂದರು. ಕಚೇರಿಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರು ಹಾಳೆಗಳನ್ನು ತಿರುವಿ, ಏನೂ ಮಾತಾಡದೆ ಎರಡನೆಯ ಪುಟವನ್ನು ನನ್ನ ಮುಂದೆ ಇಟ್ಟರು. ಹದಿನಾಲ್ಕು ಸಹಿಗಳು ಒಂದೇ ಕೈಬರಹ, ಒಂದೇ ಹಸಿರು ಶಾಯಿ. ಅದರಲ್ಲಿ ತೀರಿಕೊಂಡು ಮೂರು ವರ್ಷವಾಗಿದ್ದ ನಮ್ಮ ದೊಡ್ಡಪ್ಪನ ಹೆಸರೂ ಇತ್ತು. ನಾಚಿಕೆಯಿಂದ ನನ್ನ ಮೈ ಬೆವರಿತು. ಉಳಿದ ನಾನೂರು ನಿಜವಾದ ಸಹಿಗಳೂ ಆ ಹದಿನಾಲ್ಕರ ಜೊತೆಗೆ ಮುಳುಗಿದವು.

ಇದು ದೊಡ್ಡ ದೊಡ್ಡವರಿಗೂ ಆಗಿರುವ ಕತೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಇಂಗ್ಲೆಂಡಿನ ಚಾರ್ಟಿಸ್ಟರು, ಅಂದರೆ ಮತದಾನದ ಹಕ್ಕು ಕೇಳಿದ ಕೂಲಿಕಾರರು, 1842ರಲ್ಲಿ ಮೂವತ್ತಮೂರು ಲಕ್ಷದಷ್ಟು ಸಹಿಗಳ ಅರ್ಜಿಯನ್ನು ಪಾರ್ಲಿಮೆಂಟಿಗೆ ಕೊಟ್ಟಿದ್ದರು. ಸಭೆ ಅದನ್ನು ತಳ್ಳಿಹಾಕಿತು. 1848ರಲ್ಲಿ ಮತ್ತೆ ತಂದರು, ಐವತ್ತೇಳು ಲಕ್ಷ ಸಹಿ ಎಂದರು. ಗುಮಾಸ್ತರು ಎಣಿಸಿದಾಗ ಇಪ್ಪತ್ತು ಲಕ್ಷವೂ ಆಗಲಿಲ್ಲ. ನಡುವೆ ರಾಣಿ ವಿಕ್ಟೋರಿಯಾ, ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅವರ ಹೆಸರಿನಲ್ಲೂ ಸಹಿಗಳು ಸಿಕ್ಕವು. ಸುಮಾರು ಇಪ್ಪತ್ತು ಲಕ್ಷ ಜನ ಸಹಿ ಹಾಕಿದ್ದರೂ ಊರೆಲ್ಲ ಮಾತಾಡಿದ್ದು ಆ ಸುಳ್ಳು ಹೆಸರುಗಳ ಬಗ್ಗೆ. ನ್ಯೂಜಿಲೆಂಡಿನ ಹೆಂಗಸರು 1893ರಲ್ಲಿ ಮತದಾನದ ಹಕ್ಕಿಗಾಗಿ ಕೊಟ್ಟ ಅರ್ಜಿಗಳಲ್ಲಿ ಸಹಿಗಳು ಒಟ್ಟು ಸುಮಾರು ಮೂವತ್ತೆರಡು ಸಾವಿರ ಮಾತ್ರ. ಅವುಗಳಲ್ಲಿ ದೊಡ್ಡ ಅರ್ಜಿಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಮಾಡಿದ್ದರು, ಅದನ್ನು ಪಾರ್ಲಿಮೆಂಟಿನ ಸದಸ್ಯರೊಬ್ಬರು ಸಭೆಯ ನಡುವೆ ಬಿಚ್ಚಿದರು. ಅದೇ ವರ್ಷ ಹಕ್ಕು ಸಿಕ್ಕಿತು. ಸಣ್ಣ ದೇಶದಲ್ಲಿ ಅದು ದೊಡ್ಡ ಸಂಖ್ಯೆಯೇ ಎಂಬುದು ನಿಜ. ಆದರೂ ಸಹಿ ಎಷ್ಟು ಎನ್ನುವುದಕ್ಕಿಂತ ಸಹಿ ಯಾರದ್ದು ಎನ್ನುವುದು ಮುಖ್ಯ ಎಂದು ನಾನು ಅಂದೇ ತೀರ್ಮಾನಿಸಿದೆ. ಆಮೇಲೆ ಕಾಗದದ ಮೇಲೆ ಸಹಿ ಹಾಕಿಸಿದ ಎಲ್ಲ ಅರ್ಜಿಗಳಿಗೂ ಮನೆಗೆ ಒಂದು ಸಾಲು, ಸಹಿ ಹಾಕಿದವರ ಎದುರು ಅವರ ಮನೆಯಿಂದ ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ. ಬೆಂಗಳೂರಿನಲ್ಲಿ ಇರುವವರ ಹೆಸರು ಬೇಡವೇ ಬೇಡ. ಹೀಗೆ ಮಾಡಿದಾಗ ಉಳಿದದ್ದು ಇಪ್ಪತ್ತಾರು ಸಾಲು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಒಮ್ಮೆ ಶಾಲೆಯ ಮಕ್ಕಳಿಂದ ನೂರೆಂಬತ್ತು ಪೋಸ್ಟ್ ಕಾರ್ಡ್ ಬರೆಸಿದೆ. ಐವತ್ತು ಪೈಸೆಯ ಕಾರ್ಡು, ಒಟ್ಟು ತೊಂಬತ್ತು ರೂಪಾಯಿ. ಮಕ್ಕಳು ಹಳ್ಳದ ಚಿತ್ರ ಬಿಡಿಸಿ ಕಳಿಸಿದ್ದರು, ನೋಡಲು ಬಹಳ ಚೆಂದ. ಟಪಾಲು ಶಾಖೆಯವರು ಎಲ್ಲವನ್ನೂ ದಾರದಿಂದ ಕಟ್ಟಿ ಒಂದೇ ಸಂಖ್ಯೆ ಹಾಕಿ ಒಳಗಿಟ್ಟರು. ನೂರೆಂಬತ್ತು ಕಾರ್ಡು ಒಂದೇ ಪತ್ರವಾಯಿತು. ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೂ ಹೀಗೇ ಆಗಿತ್ತು. ಭಾಷಾವಾರು ರಾಜ್ಯ ಬೇಕು, ಬೇಡ, ಈ ಗಡಿ ಸರಿ, ಆ ಗಡಿ ತಪ್ಪು ಎಂದು ದೇಶದ ಮೂಲೆಮೂಲೆಗಳಿಂದ ಆಯೋಗಕ್ಕೆ ಬಂದ ಮನವಿ, ತಂತಿ, ಪತ್ರಗಳು 1,52,250. ಅವುಗಳಲ್ಲಿ ಸರಿಯಾಗಿ ವಿಚಾರ ಮಾಡಿ ಬರೆದವು ಸುಮಾರು 2,000 ಮೀರುವುದಿಲ್ಲ ಎಂದು ಆಯೋಗವೇ ತನ್ನ 1955ರ ವರದಿಯಲ್ಲಿ ಹೇಳಿದೆ. ಆ ಎರಡು ಸಾವಿರದ ಸಾಲಿಗೆ ಸೇರುವ ಹಾಗೆ ಬರೆಯಬೇಕು ಎಂದು ನಾನು ನನ್ನ ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡೆ. ಇಂಟರ್‌ನೆಟ್ಟಿನಲ್ಲಿ ಸಹಿ ಸಂಗ್ರಹವನ್ನೂ 2018ರಲ್ಲಿ ಮಾಡಿದೆ. ಅಳಿಯ ಎಲ್ಲ ಸಿದ್ಧಮಾಡಿಕೊಟ್ಟ. ವಾರದಲ್ಲಿ ಮೂರು ಸಾವಿರ ಸಹಿ, ದುಬೈಯಿಂದಲೂ ಬಂತು. ಮುದ್ರಿಸಿ ಕಚೇರಿಗೆ ಕೊಟ್ಟೆ. ‘ಇವರಲ್ಲಿ ಈ ಹಳ್ಳ ದಾಟುವವರು ಎಷ್ಟು ಜನ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ದಾರಿ ಸಿಕ್ಕಿದ್ದು 2019ರಲ್ಲಿ, ಮಾಹಿತಿ ಹಕ್ಕು ಅರ್ಜಿಯ ಶುಲ್ಕಕ್ಕೆಂದು ಲಗತ್ತಿಸಿದ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನಿಂದ. ಮಾಹಿತಿ ಹಕ್ಕಿನಲ್ಲಿ ಸಂಕ ಏಕೆ ಆಗಲಿಲ್ಲ ಎಂದು ನಾನು ಕೇಳಲಿಲ್ಲ. ಹಾಗೆ ಕೇಳಿದರೆ ‘ಪ್ರಶ್ನಾರ್ಥಕ ಮಾಹಿತಿ ನೀಡಲು ಅವಕಾಶವಿಲ್ಲ’ ಎಂದು ಬರುತ್ತದೆ, ನಿಮಗೂ ಗೊತ್ತು. ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ, ಅಂದರೆ ಕಚೇರಿಯವರು ಷರಾ ಬರೆಯುವ ಹಾಳೆಗಳ, ದೃಢೀಕೃತ ನಕಲು ಕೊಡಿ ಎಂದಷ್ಟೇ ಕೇಳಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಹಲವರು ಅದನ್ನು ಬೈಯುತ್ತಾರೆ, ನಾಗರಿಕರ ಬಾಯಿ ಕಟ್ಟುವ ನಿಯಮ ಎಂದು ಬೈಯುವುದರಲ್ಲಿ ನ್ಯಾಯವೂ ಇದೆ. ನನಗೆ ಮಾತ್ರ ಅದರಿಂದ ಒಳ್ಳೆಯದೇ ಆಯಿತು. ಮೂರು ಪುಟ ಬರೆಯುತ್ತಿದ್ದ ಕೈ ಮೂವತ್ತು ಪದಕ್ಕೆ ಇಳಿಯಿತು. ಮೂವತ್ತು ದಿನದಲ್ಲಿ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ನಲವತ್ತಾರು ಪುಟ ಕೊಟ್ಟರು, ಪುಟಕ್ಕೆ ಎರಡು ರೂಪಾಯಿಯ ಹಾಗೆ.

ಮನೆಯ ಜಗುಲಿಯಲ್ಲಿ ಕುಳಿತು ಓದಿದೆ. ಮೂವತ್ತೊಂದನೆಯ ಪುಟದಲ್ಲಿ, ಪೆನ್ಸಿಲಿನಿಂದ ಅಡಿಗೆರೆ ಎಳೆದ ಒಂದು ಸಾಲು: ‘ಸದರಿ ಜಾಗವು ಅರಣ್ಯ ವ್ಯಾಪ್ತಿಗೆ ಬರುವುದರಿಂದ ಅಭಿಪ್ರಾಯ ಪಡೆದು ಮಂಡಿಸುವುದು.’ ದಿನಾಂಕ 2013ರದ್ದು. ಅದರ ಕೆಳಗೆ ಏನೂ ಇಲ್ಲ. ಆರು ವರ್ಷ ಯಾರೂ ಅಭಿಪ್ರಾಯ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ನಾನು ಅನುದಾನ ಇಲ್ಲ ಎಂದುಕೊಂಡು ಹಣದ ಬಾಗಿಲು ತಟ್ಟುತ್ತಿದ್ದೆ, ಕಡತ ನಿಂತಿದ್ದದ್ದು ಕಾಡಿನಲ್ಲಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟಿಪ್ಪಣಿ ಹಾಳೆ ಓದದೆ ಎರಡನೆಯ ಅರ್ಜಿ ಬರೆಯಲೇಬೇಡಿ. ಇಷ್ಟನ್ನು ಯಾರಾದರೂ ನನಗೆ 2012ರಲ್ಲೇ ಹೇಳಿದ್ದರೆ ನಮ್ಮ ಮಗಳ ಕಾಲದ ಮಕ್ಕಳೂ ನೆನೆಯದೆ ಶಾಲೆಗೆ ಹೋಗುತ್ತಿದ್ದರು.

ಅಲ್ಲಿಂದ ಮುಂದೆ ಕೆಲಸ ನೇರವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಊರಿಗೆ ಬೇಕಾದ ಹದಿಮೂರು ಬಗೆಯ ಸೌಕರ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗವನ್ನು ಕೊಡಲು ಅವಕಾಶ ಮಾಡಿದೆ. ಗ್ರಾಮಸಭೆಯ ಶಿಫಾರಸು ಬೇಕು. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಆ ಹದಿಮೂರರ ಪಟ್ಟಿಯಲ್ಲಿ ಕಾಲುಸಂಕ ಎಂಬ ಪದ ಇಲ್ಲ. ರಸ್ತೆ ಇದೆ. ಏಳು ವರ್ಷ ‘ಕಾಲುಸಂಕ ನಿರ್ಮಿಸಿಕೊಡಿ’ ಎಂದು ಬರೆದವನು ಈಗ ವಿಷಯದ ಸಾಲಿನಲ್ಲಿ ‘ಶಾಲೆಗೆ ಹೋಗುವ ರಸ್ತೆ, ಹಳ್ಳಕ್ಕೆ ಅಡ್ಡಲಾಗಿ ಅದರ ಸಂಕ ಸಹಿತ’ ಎಂದು ಬರೆದೆ. ಬೇಕಾದ ಜಾಗ ಸುಮಾರು ನಾಲ್ಕೂವರೆ ಗುಂಟೆ. ಲೆಕ್ಕ ಹಾಕಿದರೆ ಮೂರು ಮರಕ್ಕಿಂತ ಹೆಚ್ಚು ಬೀಳುವಂತಿಲ್ಲ. ನಾವು ಅಂದುಕೊಂಡಿದ್ದ ದಾರಿಯಲ್ಲಿ ಐದು ಇದ್ದವು. ನಾನೂ ಪಕ್ಕದ ಮನೆಯ ಹುಡುಗನೂ ಹಗ್ಗ ಹಿಡಿದು ಒಂದು ಭಾನುವಾರವಿಡೀ ನಡೆದು, ದೊಡ್ಡ ಮತ್ತಿ ಮರವನ್ನು ಬಳಸಿ ದಾರಿ ಹೊರಳಿಸಿದೆವು. ಎರಡೇ ಮರಕ್ಕೆ ಬಂತು. ಆ ಮತ್ತಿ ಮರ ಈಗಲೂ ಸಂಕದ ಬದಿಗೇ ಇದೆ.

ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕಿತ್ತು. ಮೊದಲ ಸಲ ಬರಲಿಲ್ಲ. ಅಡಿಕೆ ಕೊಯ್ಲಿನ ದಿನ ಇಟ್ಟಿದ್ದೆವು, ನಮ್ಮದೇ ತಪ್ಪು. ಎರಡನೆಯ ಸಲ ಹೆಂಗಸರೇ ಮುಂದೆ ನಿಂತು ಜನ ಸೇರಿಸಿದರು. ಅರಣ್ಯ ಜಾಗ ಕೇಳುವ ನಮೂನೆಯನ್ನು ಕಾಮಗಾರಿ ಮಾಡುವ ಇಲಾಖೆಯೇ ತುಂಬಿ ಅರಣ್ಯ ಇಲಾಖೆಗೆ ಕೊಡಬೇಕು, ನಾವು ಕೊಡುವಂತಿಲ್ಲ. ಅದಕ್ಕಾಗಿ ಎಂಜಿನಿಯರ್ ಕಚೇರಿಗೆ ಕೊಟ್ಟದ್ದೇ ನನ್ನ ಕೊನೆಯ ಮತ್ತು ಗೆದ್ದ ಅರ್ಜಿ. ಒಂದೇ ಪುಟ, ಒಬ್ಬರೇ ಅಧಿಕಾರಿ, ಕೇಳಿದ್ದು ಒಂದೇ: ಈ ನಮೂನೆಯನ್ನು ಸಹಿ ಮಾಡಿ ವಲಯ ಅರಣ್ಯಾಧಿಕಾರಿಗಳಿಗೆ ಕಳಿಸಿ. ಜೊತೆಗೆ ನಾಲ್ಕು ಲಗತ್ತು. ಗ್ರಾಮಸಭೆಯ ಠರಾವು, ನಕ್ಷೆ, ಸಹಿಗಳ ಆ ಇಪ್ಪತ್ತಾರು ಸಾಲು ಮತ್ತು ಶಾಲೆಯ ಹಾಜರಿ ಪುಸ್ತಕದ ದೃಢೀಕರಿಸಿದ ನಕಲು. ಆಚೆ ಕೇರಿಯ ಮಕ್ಕಳ ಹೆಸರಿನ ಎದುರು ಜುಲೈ, ಆಗಸ್ಟಿನಲ್ಲಿ ಇಪ್ಪತ್ತಮೂರು ದಿನ ಗೈರುಹಾಜರಿ, ಈಚೆ ಮಕ್ಕಳಿಗೆ ಎರಡೋ ಮೂರೋ. ಅಧಿಕಾರಿಗಳು ಉಳಿದದ್ದನ್ನು ಬಿಟ್ಟು ಆ ಹಾಳೆಯನ್ನೇ ಬೆರಳಿಟ್ಟು ಬಹಳ ಹೊತ್ತು ನೋಡಿದರು. ನನ್ನ ಮೂರು ಪುಟದ ವರ್ಣನೆ ಮಾಡದ ಕೆಲಸವನ್ನು ಮುಖ್ಯೋಪಾಧ್ಯಾಯಿನಿಯವರ ಕೆಂಪು ಶಾಯಿ ಮಾಡಿತು.

ಇಂಥ ಬರವಣಿಗೆಗೆ ನನಗೆ ಗುರು ಶ್ರವಣಬೆಳಗೊಳದ ಒಂದು ಶಾಸನ. ಅರ್ಜಿ ಎಂಬ ಮಾತು ಅರಬ್ಬಿ, ಪಾರಸಿ ಕಡೆಯಿಂದ ಬಂದದ್ದು. ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದು ಬಿನ್ನಹ. 1368ರಲ್ಲಿ ಹಲವು ನಾಡುಗಳ ಜೈನರು ಒಟ್ಟಾಗಿ, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ವಿಜಯನಗರದ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟ ಎಂಬ ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಮುಂದಿನ ಸಾಲುಗಳು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು, ಹೊಣೆ ತಿರುಮಲೆಯ ತಾತಯ್ಯನದು. ಎಷ್ಟು ಹಣ, ಎಲ್ಲಿಂದ, ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಎಂದು ಎಲ್ಲವೂ ಕಲ್ಲಿನ ಮೇಲೆ ಇದೆ. 1881ರಲ್ಲಿ ದಿವಾನ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದ ಮೇಲೆ ನಮ್ಮ ಕಡೆಯ ರೈತರ ಅಹವಾಲುಗಳೂ ದಸರೆಯ ಹೊತ್ತಿಗೆ ದಿವಾನರ ಮುಂದೆ ಹೋಗುತ್ತಿದ್ದವು. ಅಲ್ಲಿ ಸದಸ್ಯರಿಗೆ ಮೊದಮೊದಲು ಕೇಳುವ ಅಧಿಕಾರ ಮಾತ್ರ ಇತ್ತು, ತೀರ್ಮಾನಿಸುವ ಅಧಿಕಾರ ಇರಲಿಲ್ಲ. ಕೇಳುವ ಅಧಿಕಾರವನ್ನು ಹಗುರವಾಗಿ ನೋಡುವವರ ಮೇಲೆ ನನಗೆ ಈಗ ಬೇಸರವಾಗುತ್ತದೆ.

ಖರ್ಚಿನ ಲೆಕ್ಕ ಕೇಳುತ್ತೀರಿ. ನೆನಪಿನಿಂದ ಹೇಳುವುದಾದರೆ ಹನ್ನೊಂದು ವರ್ಷದಲ್ಲಿ ಕೈಯಿಂದ ಹೋದದ್ದು ನಲವತ್ತು ಸಾವಿರದ ಆಸುಪಾಸು. ಬಸ್ಸಿಗೇ ಹದಿನೈದು, ಹದಿನಾರು ಸಾವಿರ. ಜೆರಾಕ್ಸ್, ಡಿಟಿಪಿ ಏಳು ಸಾವಿರ, ರಿಜಿಸ್ಟರ್ಡ್ ಅಂಚೆಗೆ ಮೂರೋ ನಾಲ್ಕೋ. ನಕ್ಷೆ ಬರೆದುಕೊಟ್ಟ ಖಾಸಗಿ ಎಂಜಿನಿಯರಿಗೆ ಆರು ಸಾವಿರ ಕೊಟ್ಟಾಗ ಮನೆಯಾಕೆ ಎರಡು ದಿನ ಮಾತು ಬಿಟ್ಟಿದ್ದಳು. ಆ ನಕ್ಷೆ ಇಲ್ಲದಿದ್ದರೆ ಇನ್ನೂ ಎರಡು ವರ್ಷ ಹೋಗುತ್ತಿತ್ತು ಎಂದು ಈಗ ಅವಳೇ ಬಂದವರಿಗೆ ಹೇಳುತ್ತಾಳೆ. ಉಳಿದದ್ದು ಕೂಲಿ ಬಿಟ್ಟು ನನ್ನ ಜೊತೆ ಬಂದವರ ಊಟ, ಕಾಫಿ. ಲಂಚ ಎಂದು ಒಂದು ರೂಪಾಯಿ ಕೊಟ್ಟಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಸಂಕಕ್ಕೆ ಇಲಾಖೆ ಹಾಕಿದ್ದು ಹನ್ನೆರಡು ಲಕ್ಷದ ಹತ್ತಿರ. ವಿಧಾನಸಭೆಯ ಅರ್ಜಿಗಳ ಸಮಿತಿಯವರೆಗೂ ಹೋಗುವ ಸಿದ್ಧತೆ ಇತ್ತು, ಅದರ ಅಗತ್ಯ ಬೀಳಲಿಲ್ಲ.

ಎರಡು ಸಂಗತಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಕ್ರಿಯಾಯೋಜನೆಯ ಕರಡು ಯಾವ ವಾರ ಯಾರ ಮೇಜಿನ ಮೇಲೆ ಇರುತ್ತದೆ ಎಂದು ತಿಳಿದುಕೊಳ್ಳುವ ಬಗೆ ಒಂದು. ಟಪಾಲು ಕೊಡುವ ದಿನವನ್ನು ಹೇಗೆ ಆರಿಸುತ್ತೇನೆ ಎಂಬುದು ಇನ್ನೊಂದು. ಬರೆದರೆ ಆ ಬಾಗಿಲುಗಳು ಮುಚ್ಚಿಹೋಗುತ್ತವೆ. ಮನೆಗೆ ಬಂದು ಕೇಳಿದವರಿಗೆ ಹೇಳಿದ್ದೇನೆ.

ಅರಣ್ಯ ಇಲಾಖೆಯ ಒಪ್ಪಿಗೆ 2022ರಲ್ಲಿ ಬಂತು, 2023ರ ಮೇ ತಿಂಗಳಲ್ಲಿ ಸಂಕ ಮುಗಿಯಿತು. ಹನ್ನೆರಡು ಮೀಟರ್ ಉದ್ದ, ಇಬ್ಬರು ಎದುರುಬದುರಾಗಿ ದಾಟುವಷ್ಟು ಅಗಲ. ಮೇಲ್ಬದಿಯ ಕೈಹಿಡಿಯನ್ನು ಮಾತ್ರ ಇನ್ನೂ ಹಾಕಿಲ್ಲ, ಅಂದಾಜು ಪಟ್ಟಿಯಲ್ಲಿ ಎರಡೂ ಬದಿ ಇದೆ. ಪಟ್ಟಿಯ ಆ ಪುಟದ ನಕಲು ಲಗತ್ತಿಸಿ ಕಳೆದ ಸೋಮವಾರ ಆರು ಸಾಲಿನ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿಯ ಮುದ್ರೆ ಬಿದ್ದಿದೆ, ಸಂಖ್ಯೆಯೂ ಸಿಕ್ಕಿದೆ.