ಹಿಟ್ಟು ಉಬ್ಬಿದ್ಯಾ ಅಂತ ಗಡಿಯಾರ ಕೇಳ್ಬೇಡಿ

ಮೊನ್ನೆ ಸೊಸೆ ಬ್ರೆಡ್ಡಿಗೆ ಹಿಟ್ಟು ನಾದಿಟ್ಟು ಮೊಬೈಲಲ್ಲಿ ಒಂದು ಗಂಟೆಗೆ ಅಲಾರಂ ಇಟ್ಕೊಂಡು ಕೂತಿದ್ಲು. ಅಲಾರಂ ಹೊಡೀತು, ಟಿನ್ನು ಓವನ್ ಒಳಗೆ ಹೋಯ್ತು, ಹೊರಗೆ ಬಂದಿದ್ದು ಇಟ್ಟಿಗೆ. ಅಲ್ಲಮ್ಮ, ಚಳಿಗೆ ಅಡುಗೆಮನೆ ನೆಲಾನೇ ಕೊರೀತಿದೆ, ಆ ಹಿಟ್ಟಿಗೆ ನಿನ್ನ ಅಲಾರಂ ಕೇಳ್ಸುತ್ತಾ?

ಕಲಸೋದು ನಿಮಗೆಲ್ಲ ಗೊತ್ತಿರೋದೇ. ಹಾಲು ಮಾತ್ರ ಕಾಯಿಸಿ ಹಾಕಿ, ಹಸಿ ಹಾಲಲ್ಲಿ ಹಿಟ್ಟು ಸರಿಯಾಗಿ ಏಳಲ್ಲ. ಹಾಗಂತ ಬಿಸಿಬಿಸಿ ಹಾಲಿಗೇ ಯೀಸ್ಟ್ ಸುರೀಬೇಡಿ, 60 ಡಿಗ್ರಿ ದಾಟಿದ್ರೆ ಅದು ಸತ್ತೇ ಹೋಗುತ್ತೆ. ಬೆರಳಿಗೆ ಹಿತವಾಗಿ ಬೆಚ್ಚಗಿದ್ರೆ ಸಾಕು.

ಈಗ ನನ್ನ ಬೆರಳಿನ ಕಥೆ. ಟಿನ್ನಲ್ಲಿ ಹಿಟ್ಟು ಎರಡನೇ ಸಲ ಉಬ್ತಾ ಇರುವಾಗ ತೋರುಬೆರಳಿಗೆ ಒಣಹಿಟ್ಟು ಸವರ್ಕೊಳ್ಳಿ, ಇಲ್ಲಾಂದ್ರೆ ಅಂಟ್ಕೊಂಡು ಮೇಲ್ಮೈ ಕಿತ್ತು ಬರುತ್ತೆ. ಅಂಚಿನ ಹತ್ರ ಒತ್ತಿ, ನಡುವೆ ಅಲ್ಲ, ಉಗುರು ಮುಳುಗೋಷ್ಟು ಸಾಕು. ತಟ್ ಅಂತ ಗುಳಿ ಮುಚ್ಕೊಳ್ತಾ, ಇನ್ನೂ ಆಗಿಲ್ಲ, ಬಟ್ಟೆ ಮುಚ್ಚಿ ಆ ಕಡೆ ಹೋಗಿ. ನಿದ್ದೆಗಣ್ಣಲ್ಲಿ ಮಗು ಮಗ್ಗುಲು ಬದಲಾಯಿಸೋ ಹಾಗೆ ನಿಧಾನಕ್ಕೆ ಅರ್ಧ ಮೇಲೆದ್ದು ಸಣ್ಣ ಗುಳಿ ಉಳೀತಾ, ಆ ಕ್ಷಣಾನೇ ಓವನ್‌ಗೆ. ಗುಳಿ ಹಾಗೇ ಕೂತ್ಬಿಡ್ತಾ, ನೀವು ಫೋನಲ್ಲಿ ಮಾತಾಡ್ತಾ ಕೂತಿದ್ರಿ ಅಂತ ಅರ್ಥ, ಎತ್ತಿ ಇನ್ನೊಂದ್ಸಲ ನಾದಿ ಉಂಡೆ ಕಟ್ಟಿ.

ಇದು ನಮ್ಮತ್ತೆ ಕಲಿಸಿದ್ದು. ಬೆಳಗಾಗೋ ಮುಂಚೆ ಹಿಟ್ಟು ಮುಚ್ಚಿಟ್ಟು ಕೊಟ್ಟಿಗೆಗೆ ಹೋಗಿ ಹಾಲು ಕರ್ಕೊಂಡು ಬಂದು, ಕೈ ತೊಳ್ಕೊಂಡು ಮೊದಲು ಹಿಟ್ಟು ಒತ್ತಿ ನೋಡೋರು, ಆಮೇಲೇ ಸೊಸೆ ಮುಖ ನೋಡ್ತಿದ್ದಿದ್ದು. ಒಂದು ವರ್ಷ ಕಟಾವಿಗೆ ಮುಂಚೆ ಮಳೆ ಬಂದು ಪೈರೆಲ್ಲ ಮಲಗಿತ್ತು, ಮನೇಲಿ ಯಾರ ಬಾಯಲ್ಲೂ ಮಾತಿಲ್ಲ, ಆವತ್ತೂ ಅವರು ಬ್ರೆಡ್ ಮಾಡಿದ್ರು, ಆ ವಾಸನೆಗೆ ಒಬ್ಬೊಬ್ಬರೇ ಬಂದು ಅಡುಗೆಮನೇಲಿ ಕೂತ್ವಿ.

ಅಂದಹಾಗೆ, ಗೂಡಿಂದ ತಂದ ತಕ್ಷಣ ಮೊಟ್ಟೆ ತೊಳೆದಿಡೋ ಚಾಳಿ ಬಿಡಿ. ಚಿಪ್ಪಿನ ಮೇಲೊಂದು ಪೊರೆ ಇರುತ್ತೆ, ಅದೇ ಅದಕ್ಕೆ ಕಾವಲು. ಒಣಬಟ್ಟೇಲಿ ಒರೆಸಿಡಿ, ಒಡೆಯೋ ಮುಂಚೆ ತೊಳೀರಿ.

ಬೆಂದ ಬ್ರೆಡ್ ಟಿನ್ನಿಂದ ತೆಗೆದು ತಳ ತಟ್ಟಿದ್ರೆ ಟೊಳ್ಳು ಸದ್ದು ಬರ್ಬೇಕು. ಬಂದ ತಕ್ಷಣ ಕೊಯ್ಯೋಕೆ ಹೋದ್ರೆ ಒಳಗೆ ಮುದ್ದೆ ಮುದ್ದೆ, ಒಂದು ಗಂಟೆ ಆರಲಿ. ನಮ್ಮನೆಯವರು ಚಾಕು ಹಿಡ್ಕೊಂಡು ಸುಳಿದಾಡಿದ್ರೆ ದನಕ್ಕೆ ನೀರಿಟ್ಟು, ಹುಲ್ಲು ಹಾಕಿ ಬನ್ನಿ ಅಂತ ಕಳಿಸ್ತೀನಿ, ವಾಪಸ್ ಬರೋಷ್ಟ್ರಲ್ಲಿ ಹದಕ್ಕೆ ಬಂದಿರುತ್ತೆ.