ವಿಚಿತ್ರ ವಿನ್ಯಾಸದ ಫ್ಲ್ಯಾಟ್: ಮುಂಗಡ ಕೊಡುವ ಮೊದಲು ತೂಗಿ ನೋಡುವುದು ಹೇಗೆ?

ಮಂಗಳೂರು ಸಮತಟ್ಟಾದ ಊರಲ್ಲ. ಕದ್ರಿ, ಬಿಜೈ ಕಡೆಯ ಇಳಿಜಾರುಗಳಲ್ಲಿ ಮನೆ ಹುಡುಕುವವರಿಗೆ ಒಂದಲ್ಲ ಒಂದು ದಿನ ಇಂಥ ಫ್ಲ್ಯಾಟ್ ಎದುರಾಗುತ್ತದೆ: ರಸ್ತೆಯ ಮಟ್ಟದಲ್ಲಿ ಬಾಗಿಲು, ಒಳಗೆ ಕಾಲಿಟ್ಟರೆ ಚಾವಡಿ ಮತ್ತು ಅಡುಗೆಮನೆ, ಅಲ್ಲಿಂದ ಮೆಟ್ಟಿಲಿಳಿದರೆ ಗುಡ್ಡದ ಮಣ್ಣಿಗೆ ಬೆನ್ನು ಕೊಟ್ಟ ಮಲಗುವ ಕೋಣೆಗಳು. ಅಕ್ಕಪಕ್ಕದ ಮನೆಗಳಿಗಿಂತ ಬೆಲೆ ಕಡಿಮೆಯಿರುವುದರಿಂದ ಮೊದಲ ಬಾರಿ ಮನೆ ಕೊಳ್ಳುವವರ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಆ ರಿಯಾಯಿತಿ ಸಾಕೇ ಎಂದು ತಿಳಿಯಬೇಕಾದರೆ, ವಾಸಕ್ಕೆ ಆಗುವ ತೊಂದರೆಯನ್ನೂ ಮಾರುವಾಗ ಆಗುವ ನಷ್ಟವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು.

ಮೊದಲಿಗೆ ಅಳತೆ ಟೇಪು, ಗ್ರಾಫ್ ಹಾಳೆ ಹಿಡಿದು ಹೋಗಿ, ಒಂದು ಚೌಕಕ್ಕೆ ಒಂದು ಅಡಿಯಂತೆ ನೀವೇ ನಕ್ಷೆ ಬರೆಯಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗಿನ ಬಳಕೆಯ ನೆಲದ ವಿಸ್ತೀರ್ಣದಲ್ಲಿ, ಒಳಗಿನ ವಿಭಜಕ ಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಆದರೆ ಮನೆಯೊಳಗಿನ ಮೆಟ್ಟಿಲು, ಓಡಾಟದ ಓಣಿ, ಮಂಚವೂ ಕಪಾಟೂ ಹಿಡಿಸದ ತ್ರಿಕೋನದ ಮೂಲೆ ಇವೆಲ್ಲ ನೀವು ಹಣ ಕೊಟ್ಟರೂ ಬಳಕೆಗೆ ಬಾರದ ಜಾಗ. ಅದು 60 ಚದರಡಿಯಾಗಿ, ಚದರಡಿಯ ದರ 6,000 ರೂಪಾಯಿ ಎಂದಿಟ್ಟುಕೊಂಡರೂ 3.6 ಲಕ್ಷ ರೂಪಾಯಿ ಅಲ್ಲಿಯೇ ಹೋಯಿತು.

ಎರಡನೆಯದು ಮಳೆ, ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಸಾಧ್ಯವಾದರೆ ಆಟಿ ತಿಂಗಳಲ್ಲೊಮ್ಮೆ (ಜುಲೈ-ಆಗಸ್ಟ್‌ನ ಮಳೆಯಲ್ಲಿ) ಮನೆ ನೋಡಿ. ಇಲ್ಲಿನ ಗುಡ್ಡಗಳ ಮುರಕಲ್ಲು (ಲ್ಯಾಟರೈಟ್) ಸೂಕ್ಷ್ಮ ರಂಧ್ರಗಳಿರುವ ಕಲ್ಲು. ಗುಡ್ಡಕ್ಕೆ ಬಿದ್ದ ನೀರು ಅದರೊಳಗೆ ಇಳಿದು, ಮಣ್ಣಿಗೆ ತಾಗಿದ ಗೋಡೆಯನ್ನು ಮಳೆ ನಿಂತ ಮೇಲೂ ಒದ್ದೆಯಾಗಿಡಬಲ್ಲದು. ಕಪಾಟಿನ ಹಿಂಬದಿಯಲ್ಲಿ ಬೂಷ್ಟಿನ ವಾಸನೆ, ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ, ಗುಳ್ಳೆಯೆದ್ದ ಬಣ್ಣ ಕಂಡರೆ ಎಚ್ಚರ. ಉಳಿದ ಗೋಡೆಗಳೆಲ್ಲ ಹಳತಾಗಿದ್ದು ಅದೊಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರಂತೂ ಇನ್ನೂ ಎಚ್ಚರ. ಪಶ್ಚಿಮ, ನೈಋತ್ಯದ ಕಿಟಕಿಗಳಿಗೆ ಎರಚಲು ತಡೆಯುವಷ್ಟು ಸಜ್ಜೆ ಇದೆಯೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸಲು ಮಾಡಿನಡಿ ಜಾಗವಿದೆಯೇ, ಮೀನು ಶುಚಿ ಮಾಡಲು ಅಡುಗೆಮನೆಯ ಹೊರಗೊಂದು ಕಟ್ಟೆಯಿದೆಯೇ ಎಂದು ನೋಡಿ. ಬೇಸಿಗೆಯಲ್ಲಿ ಕೊಳ್ಳುವವರು ಮಾಲೀಕರನ್ನು ಕೇಳುವುದಕ್ಕಿಂತ ಅದೇ ಮಟ್ಟದಲ್ಲಿರುವ ಪಕ್ಕದ ಮನೆಯವರನ್ನು ಕೇಳುವುದು ಮೇಲು.

ಕಂಡ ದೋಷಗಳಲ್ಲಿ ಸರಿಪಡಿಸಬಹುದಾದವನ್ನು ಬೇರೆ ಮಾಡಿ, ಪ್ರತಿಯೊಂದಕ್ಕೂ ಖರ್ಚಿನ ಅಂದಾಜು ತರಿಸಿಕೊಳ್ಳಿ. ಕಂಬ, ಮೆಟ್ಟಿಲು, ಬೆಳಕು ಬರುವ ದಿಕ್ಕು ಇವು ಬದಲಾಗುವುದಿಲ್ಲ.

ಬದಲಾಗದ ದೋಷಗಳೇ ಮುಂದೆ ಮಾರಾಟದ ಬೆಲೆಯನ್ನು ಇಳಿಸುವಂಥವು. ಈ ಮನೆಯನ್ನು ನಿಮ್ಮ ನಂತರ ಯಾರು ಕೊಳ್ಳಬಹುದು ಎಂದು ಯೋಚಿಸಿ. ಮಂಡಿನೋವಿರುವ ಹಿರಿಯರ ಕುಟುಂಬ ಮೆಟ್ಟಿಲು ಕಂಡು ಹಿಂದೆ ಸರಿಯುತ್ತದೆ. ಊರಲ್ಲಿರುವ ತಂದೆತಾಯಿಗಾಗಿ ಮನೆ ಹುಡುಕುವ ಗಲ್ಫ್ ಉದ್ಯೋಗಿಯೂ ಹಾಗೆಯೇ. ನಿಮಗೆ ವಾಸ್ತುವಿನಲ್ಲಿ ನಂಬಿಕೆಯಿಲ್ಲದಿರಬಹುದು (ನನಗೂ ಇಲ್ಲ), ಆದರೆ ಕೊಳ್ಳಲು ಬರುವವರಿಗೆ ಇದ್ದರೆ ಅದೂ ಬೆಲೆಯ ಮಾತೇ ಆಗುತ್ತದೆ. ಪ್ರತಿ ಕೋಣೆಗೂ ಪ್ರತ್ಯೇಕ ಬಾಗಿಲು, ಸ್ನಾನಗೃಹ ಇರುವ ವಿನ್ಯಾಸ ಕುಟುಂಬಕ್ಕೆ ವಿಚಿತ್ರವೆನಿಸಿದರೂ, ಮಣಿಪಾಲ ಅಥವಾ ದೇರಳಕಟ್ಟೆಯಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡಲು ಅನುಕೂಲವೇ. ಈ ವ್ಯವಹಾರದಲ್ಲಿ ಕಮಿಷನ್ ಇಲ್ಲದ ಇಬ್ಬರು ದಲ್ಲಾಳಿಗಳಿಗೆ ನಕ್ಷೆ ತೋರಿಸಿ, “ಮೂರು ತಿಂಗಳಲ್ಲಿ ಮಾರಲೇಬೇಕಾದರೆ ಎಷ್ಟು ಸಿಗಬಹುದು?” ಎಂದು ಕೇಳಿ. ಅವರ ಉತ್ತರ ಕಹಿಯಾಗಿದ್ದರೂ ಬರೆದಿಟ್ಟುಕೊಳ್ಳಿ.

ದಾಖಲೆಗಳ ವಿಷಯದಲ್ಲಿ, ಮಂಜೂರಾದ ನಕ್ಷೆಯೂ ನಿಮ್ಮ ಗ್ರಾಫ್ ಹಾಳೆಯೂ ಹೊಂದುತ್ತವೆಯೇ ಎಂದು ನೋಡಿ. ಎರಡು ಫ್ಲ್ಯಾಟ್‌ಗಳನ್ನು ಒಂದಾಗಿಸಿದ್ದರೆ, ಒಡೆದದ್ದು ಭಾರ ಹೊರದ ಗೋಡೆಯೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಖಚಿತಪಡಿಸಿಕೊಳ್ಳಿ. ಎರಡು ಆಸ್ತಿ ಖಾತೆ, ಮೆಸ್ಕಾಂನ ಎರಡು ವಿದ್ಯುತ್ ಮೀಟರ್ ಹಾಗೆಯೇ ಉಳಿದಿದ್ದರೆ ಒಳ್ಳೆಯದು. ಮುಂದೆ ಗೋಡೆ ಎಬ್ಬಿಸಿ ಬೇರೆ ಬೇರೆಯಾಗಿ ಮಾರುವ ದಾರಿ ತೆರೆದಿರುತ್ತದೆ.

ಬ್ಯಾಂಕ್ ಸಾಲ ಕೊಡುವುದು ತನ್ನ ಮೌಲ್ಯಮಾಪಕರು ಹೇಳಿದ ಬೆಲೆಯನ್ನು ನೋಡಿ. 70 ಲಕ್ಷಕ್ಕೆ ಮಾತಾದ ಮನೆಗೆ ಅವರು 60 ಲಕ್ಷ ಎಂದರೆ, ಶೇ 80ರ ಮಿತಿಯಲ್ಲಿ ಸಿಗುವುದು 56 ಲಕ್ಷವಲ್ಲ, 48 ಲಕ್ಷ. ಈ ವ್ಯತ್ಯಾಸದ 8 ಲಕ್ಷವನ್ನೂ ನೀವೇ ಹೆಚ್ಚುವರಿಯಾಗಿ ಹೊಂದಿಸಬೇಕು. ಆ ಮೌಲ್ಯಮಾಪನವು ಮುಂದಿನ ಗ್ರಾಹಕರಿಗೆ ಸಿಗುವ ಸಾಲದ ಮುನ್ಸೂಚನೆಯೂ ಹೌದು. ಹಾಗಾಗಿ ಮುಂಗಡ ಕೊಡುವ ಮೊದಲೇ ಅದನ್ನು ಮಾಡಿಸಿ.

ಕೊನೆಗೆ, ಅಂಥದೇ ಸಾಮಾನ್ಯ ಫ್ಲ್ಯಾಟಿನ ಬೆಲೆಯಿಂದ ವ್ಯರ್ಥ ಜಾಗದ ಬೆಲೆಯನ್ನೂ ದುರಸ್ತಿಯ ಖರ್ಚನ್ನೂ ಕಳೆಯಿರಿ. ಬಂದ ಮೊತ್ತವನ್ನು ದಲ್ಲಾಳಿಗಳು ಹೇಳಿದ ಬೆಲೆಯ ಪಕ್ಕದಲ್ಲಿಟ್ಟು, ಎರಡರಲ್ಲಿ ಕಡಿಮೆಯಿರುವುದನ್ನೇ ಮಾಲೀಕರ ಮುಂದಿಡಿ. ನೋಂದಣಿಗೆ ತೆತ್ತ ಮುದ್ರಾಂಕ ಶುಲ್ಕ ಮಾರುವಾಗ ಮರಳಿ ಬರುವುದಿಲ್ಲ. 24 ತಿಂಗಳೊಳಗೆ ಮಾರಿದರೆ ಲಾಭವು ನಿಮ್ಮ ಆದಾಯಕ್ಕೆ ಸೇರಿ ಮಾಮೂಲು ದರದಲ್ಲೇ ತೆರಿಗೆ ಬೀಳುತ್ತದೆ. ಆದ್ದರಿಂದ ಐದಾರು ವರ್ಷವಾದರೂ ಆ ಮೆಟ್ಟಿಲು ಹತ್ತಿಳಿಯಲು ಮನೆಮಂದಿ ತಯಾರಿದ್ದಾರೆಯೇ ಎಂಬುದನ್ನು, ಮಾಲೀಕರೊಂದಿಗೆ ಬೆಲೆ ಮಾತಾಡಲು ಹೋಗುವ ಮೊದಲೇ ಮನೆಯಲ್ಲಿ ಕೇಳಿಕೊಳ್ಳಿ.